ಕಾರಭಾರಿಯನ್ನು ನೇಮಿಸುವ ಹಕ್ಕು: ಬೆಳಗಾವಿ ಸೀಮೆಯ ಎರಡು ಸಂಸ್ಥಾನಗಳು, 1818–1862

ಮುಂಬೈ ಕರ್ನಾಟಕದ ಸಂಸ್ಥಾನಗಳ ಕುಸಿತವನ್ನು ವಿವರಿಸುವ ಇತಿಹಾಸಗಳು ಸಾಮಾನ್ಯವಾಗಿ ದತ್ತಕದ ಪ್ರಶ್ನೆಯಿಂದ ಆರಂಭವಾಗಿ ಯುದ್ಧದಲ್ಲಿ ಮುಗಿಯುತ್ತವೆ. ಮಕ್ಕಳಿಲ್ಲದ ದೇಸಾಯಿಯೊಬ್ಬ ತೀರಿಕೊಳ್ಳುತ್ತಾನೆ, ಕಂಪನಿ ಸರ್ಕಾರ ದತ್ತುಮಗನನ್ನು ಒಪ್ಪುವುದಿಲ್ಲ, ಕೋಟೆಯ ಬಾಗಿಲು ಮುಚ್ಚುತ್ತದೆ, ತೋಪುಗಳು ಬರುತ್ತವೆ. ಈ ಕ್ರಮ ಸುಳ್ಳಲ್ಲವಾದರೂ ಇದರಲ್ಲಿ ಮರೆಯಾಗುವ ಇನ್ನೊಂದು ವಿವಾದವಿದೆ: ಗಾದಿಯ ಮೇಲೆ ಯಾರು ಕೂರಬೇಕೆಂಬುದಕ್ಕಿಂತ, ಗಾದಿಯ ಹೆಸರಿನಲ್ಲಿ ಆಡಳಿತ ನಡೆಸುವವರು ಯಾರು, ಅವರನ್ನು ನೇಮಿಸುವ ಮತ್ತು ತೆಗೆಯುವ ಅಧಿಕಾರ ಯಾರದು ಎಂಬ ವಿವಾದ. ಹೀಗೆ ದೊರೆಯ ಪರವಾಗಿ ಕಂದಾಯ, ಖಜಾನೆ, ನ್ಯಾಯ ಮತ್ತು ಪತ್ರವ್ಯವಹಾರವನ್ನು ನೋಡಿಕೊಳ್ಳುವ ಮುಖ್ಯಾಧಿಕಾರಿಯನ್ನು ಈ ಸೀಮೆಯಲ್ಲಿ ಕಾರಭಾರಿ ಎಂದು ಕರೆಯುತ್ತಿದ್ದರು. ಬೆಳಗಾವಿಯ ಎರಡು ಮಗ್ಗುಲಲ್ಲಿದ್ದ ಕಿತ್ತೂರು ಮತ್ತು ಕೊಲ್ಹಾಪುರ ಸಂಸ್ಥಾನಗಳಲ್ಲಿ 1824ರಿಂದ 1862ರವರೆಗೆ ನಡೆದ ಬೆಳವಣಿಗೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕಂಪನಿಯ ಒತ್ತಡದ ನಿಜವಾದ ಗುರಿ ಈ ಕಾರಭಾರಿಯ ಹುದ್ದೆಯೇ ಆಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಬೆಳಗಾವಿಯ ಕೋಟೆಯನ್ನು ಥಾಮಸ್ ಮನ್ರೋ 1818ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಮುತ್ತಿಗೆ ಹಾಕಿ ಪೇಶ್ವೆಯ ಸೈನ್ಯದಿಂದ ಗೆದ್ದುಕೊಂಡ ಮೇಲೆ ಊರು ಕಂಪನಿಯ ದಂಡು ನೆಲೆಸುವ ಠಾಣೆಯಾಯಿತು. ಆಗ ಇಡೀ ಪ್ರದೇಶದ ಆಡಳಿತ ಕೇಂದ್ರ ಧಾರವಾಡ. ಬೆಳಗಾವಿ ಪ್ರತ್ಯೇಕ ಜಿಲ್ಲೆಯಾದದ್ದು 1836ರಲ್ಲಿ. ಕೃಷ್ಣೆಯಿಂದ ತುಂಗಭದ್ರೆಯವರೆಗೆ ಬಹುಪಾಲು ಕನ್ನಡವನ್ನೇ ಆಡುವ ಈ ನಾಡಿಗೆ ಇಂಗ್ಲಿಷರು ‘ದಕ್ಷಿಣ ಮರಾಠಾ ಪ್ರಾಂತ್ಯ’ವೆಂದು ಹೆಸರಿಟ್ಟದ್ದು, ಅವರು ಅದನ್ನು ಜನರ ಮಾತಿನಿಂದಲ್ಲದೆ ಅವರಿಗಿಂತ ಹಿಂದಿನ ಒಡೆಯರ ದಫ್ತರಗಳಿಂದ ಅರಿತುಕೊಂಡಿದ್ದರೆಂಬುದನ್ನು ತೋರಿಸುತ್ತದೆ. ಪ್ರಾಂತ್ಯದ ಪ್ರಧಾನ ಕಲೆಕ್ಟರನೇ ಪೊಲಿಟಿಕಲ್ ಏಜೆಂಟನೂ ಆಗಿದ್ದ. ಪೊಲಿಟಿಕಲ್ ಏಜೆಂಟ್ ಎಂದರೆ ಸಂಸ್ಥಾನಗಳ ಜೊತೆ ಕಂಪನಿಯ ರಾಜತಾಂತ್ರಿಕ ವ್ಯವಹಾರವನ್ನು ನಡೆಸುವ ಪ್ರತಿನಿಧಿ. ಅವನು ಕೊಡುತ್ತಿದ್ದುದನ್ನು ಅಪ್ಪಣೆಯೆನ್ನದೆ ಸಲಹೆಯೆನ್ನುತ್ತಿದ್ದರು. ತನ್ನ ಜಿಲ್ಲೆಯ ಕಂದಾಯವನ್ನು ವಸೂಲಿ ಮಾಡುವವನೇ ಪಕ್ಕದ ದೊರೆಗೆ ಸಲಹೆ ಹೇಳುವವನೂ ಆಗಿದ್ದುದರಿಂದ, ಮತ್ತು ಅವನು ಕರೆದರೆ ಬರಬಲ್ಲ ಸೈನ್ಯ ಒಂದೆರಡು ದಿನಗಳ ನಡಿಗೆಯಷ್ಟು ದೂರದಲ್ಲೇ ಇದ್ದುದರಿಂದ, ಆ ಸಲಹೆಯನ್ನು ತಳ್ಳಿಹಾಕುವುದು ಯಾವ ದೇಸಾಯಿಗೂ ಸುಲಭವಾಗಿರಲಿಲ್ಲ.

ಕಿತ್ತೂರಿನ ದೇಸಗತಿ, ಅಂದರೆ ದೇಸಾಯಿಯ ಸಂಸ್ಥಾನ, ಮೊದಲಿಗೆ ಕಂಪನಿಯ ಮಿತ್ರನೇ ಆಗಿತ್ತು. ಹಿಂದಿನ ದೇಸಾಯಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1818ರಲ್ಲಿ ಪೇಶ್ವೆಯ ವಿರುದ್ಧ ಮನ್ರೋಗೆ ನೆರವಾದುದಕ್ಕೆ ಪ್ರತಿಯಾಗಿ, ವರ್ಷಕ್ಕೆ 1,75,000 ರೂಪಾಯಿ ಕಪ್ಪ ಸಲ್ಲಿಸುವ ಕರಾರಿನ ಮೇಲೆ ಸಂಸ್ಥಾನವನ್ನು ಉಳಿಸಿಕೊಂಡಿದ್ದ. 1824ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಅವನು ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡರ ಮನೆತನದ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿರುವುದಾಗಿ ತಿಳಿಸುವ, ಜುಲೈ ತಿಂಗಳ ದಿನಾಂಕವಿದ್ದ ಪತ್ರವೊಂದು ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆಯ ಕೈಸೇರಿದ್ದು ಸೆಪ್ಟೆಂಬರಿನಲ್ಲಿ. ಪತ್ರದ ಸಹಿ ದೇಸಾಯಿಯದ್ದೇ ಹೌದೇ ಎಂದು ಥ್ಯಾಕರೆ ಸಂಶಯಪಟ್ಟ. ಸರ್ಕಾರದ ಒಪ್ಪಿಗೆಯಿಲ್ಲದ ದತ್ತಕ ಊರ್ಜಿತವಲ್ಲವೆಂಬ ನಿಲುವಿಗೆ ಮುಂಬೈ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್‌ನ ಸರ್ಕಾರವೂ ಬಂತು.

ಇಲ್ಲಿಂದ ಅಕ್ಟೋಬರ್ 23ರವರೆಗಿನ ಸುಮಾರು ಆರು ವಾರಗಳನ್ನು ಯುದ್ಧದ ಪೀಠಿಕೆಯೆಂದಷ್ಟೇ ಓದಿ ಮುಂದೆ ಸಾಗುವುದು ವಾಡಿಕೆಯಾಗಿದೆ, ಆದರೆ ಸಂಸ್ಥಾನದ ಭವಿಷ್ಯ ತೀರ್ಮಾನವಾದದ್ದು ಆ ವಾರಗಳಲ್ಲೇ. ದತ್ತಕದ ಪ್ರಶ್ನೆ ಇನ್ನೂ ಮೇಲಿನವರ ವಿಚಾರಣೆಯಲ್ಲಿರುವಾಗಲೇ ಥ್ಯಾಕರೆ ಖಜಾನೆಗೆ ಬೀಗಮುದ್ರೆ ಹಾಕಿಸಿದ, ಕಾವಲಿಗೆ ತನ್ನ ಸಿಪಾಯಿಗಳನ್ನು ನಿಲ್ಲಿಸಿದ, ಸಂಸ್ಥಾನದ ಉಸ್ತುವಾರಿಯನ್ನು ಮಲ್ಲಪ್ಪ ಶೆಟ್ಟಿ ಮತ್ತು ಹಾವೇರಿ ವೆಂಕಟರಾವ್ ಎಂಬ ಅಧಿಕಾರಿಗಳಿಗೆ ವಹಿಸಿದ. ಕಾನೂನಿನ ದೃಷ್ಟಿಯಲ್ಲಿ ಇದು ತಾತ್ಕಾಲಿಕ ಏರ್ಪಾಡಾಗಿದ್ದಿರಬಹುದು. ಆದರೆ ದೊರೆ ಯಾರೆಂಬುದು ಗೊತ್ತಾಗುವ ಮೊದಲೇ ಸರ್ಕಾರ ರಚನೆಯಾಗಿಬಿಟ್ಟಿತ್ತು, ಮತ್ತು ಅದನ್ನು ರಚಿಸಿದವನು ಹೊರಗಿನವನಾಗಿದ್ದ. ಮಲ್ಲಸರ್ಜನ ವಿಧವೆ ರಾಣಿ ಚೆನ್ನಮ್ಮ, ಅಂದರೆ ತೀರಿಕೊಂಡ ದೇಸಾಯಿಯ ಮಲತಾಯಿ, ದತ್ತಕವನ್ನು ಎತ್ತಿಹಿಡಿದು ನಿಂತದ್ದು ಈ ಏರ್ಪಾಡಿನ ಎದುರಿಗೆ. ಅವಳ ಪಕ್ಕದಲ್ಲಿದ್ದ ಸರದಾರ ಗುರುಸಿದ್ದಪ್ಪ ಹಳೆಯ ಆಡಳಿತದ ಪ್ರಮುಖ; ಹೊಸ ಏರ್ಪಾಡಿನಲ್ಲಿ ಅವನಿಗೆ ಜಾಗವಿರಲಿಲ್ಲ. ಜನಪದದ ನೆನಪು ಶೆಟ್ಟಿ ಮತ್ತು ವೆಂಕಟರಾವ್ ಇಬ್ಬರನ್ನೂ ದ್ರೋಹಿಗಳೆಂದೇ ಉಳಿಸಿಕೊಂಡಿದೆ. ಅವರ ಉದ್ದೇಶಗಳೇನಿದ್ದರೂ, ಅವರು ಕುಳಿತಿದ್ದ ಹುದ್ದೆಯ ಸ್ವರೂಪವನ್ನು ಜನ ತಪ್ಪಾಗಿ ತಿಳಿದಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಯುದ್ಧದ ಕಥೆ ಎಲ್ಲರಿಗೂ ತಿಳಿದದ್ದೇ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಯಲಿಲ್ಲ, ಥ್ಯಾಕರೆ ತನ್ನ ಕೆಲವು ಸೇನಾಧಿಕಾರಿಗಳೊಂದಿಗೆ ಹತನಾದ, ಅವನ ಇಬ್ಬರು ಸಹಾಯಕರು ಸೆರೆಸಿಕ್ಕರು. ಅವರಲ್ಲೊಬ್ಬನಾದ ವಾಲ್ಟರ್ ಎಲಿಯಟ್ ಬದುಕಿ ಹೊರಬಂದು, ಮುಂದೆ ಇದೇ ನಾಡಿನ ನೂರಾರು ಕನ್ನಡ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ. ಚಾಲುಕ್ಯರ ಇತಿಹಾಸದ ಮೊದಲ ರೂಪರೇಖೆಗಾಗಿ ಕನ್ನಡ ವಿದ್ವತ್ತು ಕಿತ್ತೂರಿನ ಕೈದಿಯೊಬ್ಬನಿಗೆ ಋಣಿಯಾಗಿದೆ. ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯದೊಂದಿಗೆ ಬಂದ ಮೇಲೆ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು.

ಅದೇ ವರ್ಷ ಶಿವಲಿಂಗಪ್ಪನನ್ನು ಗಾದಿಗೆ ತರುವ ಉದ್ದೇಶದಿಂದ ಎದ್ದ ಸಂಗೊಳ್ಳಿ ರಾಯಣ್ಣನ ಬಂಡಾಯ ಈ ವಿವಾದದ ಇನ್ನೊಂದು ಮುಖವನ್ನು ತೋರಿಸುತ್ತದೆ. ರಾಯಣ್ಣ ಶೇತಸನದಿ, ಅಂದರೆ ಗ್ರಾಮದ ಕಾವಲು ಮತ್ತು ಸೈನಿಕ ಸೇವೆಗೆ ಪ್ರತಿಫಲವಾಗಿ ಹೊಲವನ್ನು ಅನುಭವಿಸುವವನು. ಆಡಳಿತ ಕಂಪನಿಯ ಕೈಗೆ ಬಂದ ಮೇಲೆ ಇಂಥ ಇನಾಮು ಜಮೀನುಗಳ ಮೇಲೆ ಕಂದಾಯದ ಕಣ್ಣು ಬಿದ್ದಿತು. ಆದ್ದರಿಂದಲೇ ಬಂಡುಕೋರರು 1830ರ ಜನವರಿಯಲ್ಲಿ ಈಗಿನ ಖಾನಾಪುರ ತಾಲ್ಲೂಕಿನ ಬೀಡಿಯಲ್ಲಿದ್ದ ಕಚೇರಿಗೆ ಬೆಂಕಿಯಿಟ್ಟರು. ದೊರೆಯ ಹಕ್ಕೂ ಹೊಲದ ಹಕ್ಕೂ ಒಂದೇ ದಫ್ತರದ ಕಾಗದಗಳಲ್ಲಿ ಕರಗಿಹೋಗುತ್ತಿವೆ ಎಂಬ ಅರಿವು ಆ ಬೆಂಕಿಯ ಹಿಂದಿತ್ತೆನ್ನುವುದು ಅತಿಯಾದ ಊಹೆಯಾಗಲಾರದು. ಅದೇ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿಯಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಕಿತ್ತೂರಿನಲ್ಲಿ ಅವಸರದಲ್ಲಿ ನಡೆದದ್ದು ಕೊಲ್ಹಾಪುರದಲ್ಲಿ ನಿಧಾನವಾಗಿ, ಕರಾರುಗಳ ಮೂಲಕ ನಡೆಯಿತು. ಶಿವಾಜಿಯ ವಂಶದ ಈ ಸಂಸ್ಥಾನವನ್ನು ದೇಸಗತಿಯೊಂದರಂತೆ ನುಂಗಿಬಿಡುವುದು ಸಾಧ್ಯವಿರಲಿಲ್ಲ. 1817ರ ಪೇಶ್ವೆ ಯುದ್ಧದಲ್ಲಿ ಕಂಪನಿಯ ಪಕ್ಷ ವಹಿಸಿದುದಕ್ಕಾಗಿ ಅದಕ್ಕೆ, ಹಿಂದೆ ನಿಪ್ಪಾಣಿಯ ದೇಸಾಯಿ ಕಿತ್ತುಕೊಂಡಿದ್ದ ಚಿಕ್ಕೋಡಿ ಮತ್ತು ಮುನವಳ್ಳಿ ಪರಗಣೆಗಳು ಮರಳಿ ದೊರೆತವು. ಆದರೆ 1822ರ ಸುಮಾರಿಗೆ ಗಾದಿಗೆ ಬಂದ ಶಹಾಜಿ, ಅಂದರೆ ಬಾವಾಸಾಹೇಬ, ತನ್ನ ಜಹಗೀರುದಾರರ ಮೇಲೆ, ಅದರಲ್ಲೂ ಕಾಗಲದ ಘಾಟಗೆಯವರ ಮೇಲೆ, ಪದೇ ಪದೇ ದಂಡೆತ್ತಿ ಹೋಗುತ್ತಿದ್ದುದರಿಂದ ಕಂಪನಿಗೆ ಮಧ್ಯೆ ಬರಲು ಕಾರಣ ಸಿಕ್ಕಿತು. 1826ರ ತಹನಾಮೆ, ಎಂದರೆ ಒಪ್ಪಂದಪತ್ರ, ಅವನ ಸೈನ್ಯವನ್ನು ಶಾಂತಿಕಾಲದ ಪ್ರಮಾಣಕ್ಕೆ ಇಳಿಸಬೇಕೆಂದೂ ಕಂಪನಿಯ ಸಲಹೆಗೆ ಗಮನ ಕೊಡಬೇಕೆಂದೂ ಕೇಳಿತು. ಅದು ಸಾಲದಾಗಿ 1827ರಲ್ಲಿ ಮತ್ತೆ ಸೈನ್ಯ ಹೊರಟಿತು. ಆ ವರ್ಷದ ತಾತ್ಕಾಲಿಕ ಕರಾರು 1829ರಲ್ಲಿ ಅಂತಿಮ ರೂಪ ಪಡೆಯಿತು. ಅದರ ಪ್ರಕಾರ ದೊರೆ ಇಟ್ಟುಕೊಳ್ಳಬಹುದಾದದ್ದು 400 ಕುದುರೆಸವಾರರು ಮತ್ತು 800 ಕಾಲಾಳುಗಳು ಮಾತ್ರ. ಚಿಕ್ಕೋಡಿ ಮತ್ತು ಮುನವಳ್ಳಿಯನ್ನು ಹಿಂದಕ್ಕೆ ಕೊಡಬೇಕು. ಕಂಪನಿ ಹೆಸರಿಸಿದ ಮುಖ್ಯಮಂತ್ರಿಯನ್ನು ಒಪ್ಪಿಕೊಳ್ಳಬೇಕು.

ಸೈನ್ಯ, ಭೂಮಿ, ಮಂತ್ರಿ ಈ ಮೂರರಲ್ಲಿ ಮೊದಲೆರಡು ನಷ್ಟಗಳು ಯುದ್ಧದಲ್ಲಿ ಸೋತ ಯಾವ ದೊರೆಗೂ ತಿಳಿದಿದ್ದಂಥವು. ಮೂರನೆಯದು ಹೊಸ ಬಗೆಯದು. ಮೈಸೂರಿನಲ್ಲಿ 1799ರಲ್ಲಿ ಬಾಲಕ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಪೂರ್ಣಯ್ಯನವರನ್ನು ದಿವಾನರನ್ನಾಗಿ ಕೂರಿಸಿದಾಗ ಕಂಪನಿ ಈ ವಿಧಾನವನ್ನು ಪ್ರಯೋಗಿಸಿತ್ತು. ಆದರೆ ಅಲ್ಲಿ ಸಂಸ್ಥಾನವನ್ನೇ ಹೊಸದಾಗಿ ಕಟ್ಟಲಾಗಿತ್ತು. ಕೊಲ್ಹಾಪುರದಲ್ಲಿ ಪ್ರಾಯಕ್ಕೆ ಬಂದ, ಗಾದಿಯ ಮೇಲಿದ್ದ ದೊರೆಯ ಕೈಯಿಂದಲೇ ಆ ಹಕ್ಕನ್ನು ಬರೆಸಿಕೊಳ್ಳಲಾಯಿತು.

ಬಾವಾಸಾಹೇಬ 1838ರಲ್ಲಿ ತೀರಿಕೊಂಡಾಗ ಮಗ ಶಿವಾಜಿ ಇನ್ನೂ ಬಾಲಕ. ರಾಜಮನೆತನದ ಹೆಂಗಸರು ಮತ್ತು ಕಾರಭಾರಿಗಳು ಸೇರಿದ ಆಡಳಿತ ಮಂಡಲಿಯೊಂದು ರಚನೆಯಾಯಿತು, ಅದರೊಳಗೆ ಜಗಳ ಹುಟ್ಟಿತು, ಆ ಜಗಳವನ್ನೇ ಆಧಾರವಾಗಿಟ್ಟುಕೊಂಡು ಕಂಪನಿ ತನ್ನ ಕಡೆಯ ದಾಜಿ ಕೃಷ್ಣ ಪಂಡಿತನನ್ನು ಮಂತ್ರಿಯನ್ನಾಗಿ ನೇಮಿಸಿತು. ಲೆಕ್ಕಪತ್ರದ ಮಟ್ಟಿಗೆ ಪಂಡಿತ ಸುಧಾರಕನೇ. ಆದರೆ ಅವನ ಸುಧಾರಣೆ ಮುಟ್ಟಿದ್ದು ಗಡಕರಿಗಳನ್ನು. ಗಡಕರಿಗಳೆಂದರೆ ಬೆಟ್ಟದ ಕೋಟೆಗಳ ವಂಶಪಾರಂಪರ್ಯ ಕಾವಲಿನವರು. ಕೋಟೆಯ ಸುತ್ತಲಿನ ಜಮೀನು ಅವರ ಸೇವೆಯ ಪ್ರತಿಫಲ, ಅದರ ಉಸ್ತುವಾರಿಯೂ ಅವರದೇ. ಆ ಜಮೀನುಗಳನ್ನು ಮಾಮಲೇದಾರರ, ಅಂದರೆ ತಾಲ್ಲೂಕಿನ ಕಂದಾಯಾಧಿಕಾರಿಗಳ, ಆಡಳಿತಕ್ಕೆ ತರುವ ಕ್ರಮ ಆರಂಭವಾದಾಗ 1844ರ ಮಳೆಗಾಲದ ಕೊನೆಗೆ ಗಡಹಿಂಗ್ಲಜದ ಹತ್ತಿರದ ಸಾಮಾನಗಡ ಮತ್ತು ಭುದರಗಡಗಳ ಕಾವಲಿನವರು ಬಾಗಿಲು ಮುಚ್ಚಿದರು. ಶೇತಸನದಿ ರಾಯಣ್ಣನ ದೂರು ಹದಿನಾಲ್ಕು ವರ್ಷಗಳ ನಂತರ, ಘಟಪ್ರಭೆ ಮತ್ತು ಹಿರಣ್ಯಕೇಶಿಗಳ ಆಚೆ, ಮರಾಠಿ ಮಾತಿನಲ್ಲಿ ಮತ್ತೆ ಕೇಳಿಬಂತು.

ಸಾಮಾನಗಡದ ಮೇಲೆ ಸೈನ್ಯ ಹೊರಟದ್ದು ಬೆಳಗಾವಿಯಿಂದಲೇ. ಕೋಟೆ ಅಕ್ಟೋಬರಿನಲ್ಲಿ ಬಿದ್ದಿತಾದರೂ ಅಷ್ಟರಲ್ಲಿ ದಂಗೆ ರಾಜಧಾನಿಯನ್ನು ತಲುಪಿ, ದಂಗೆಯ ಮುಂದಾಳು ಬಾಬಾಜಿ ಅಹಿರೇಕರನ ಕಡೆಯವರು ದಾಜಿ ಪಂಡಿತನನ್ನೇ ಸೆರೆಹಿಡಿದಿದ್ದರು. ಅವರು ಬಾಲಕ ದೊರೆಯ ಮೇಲೆ ಕೈಮಾಡಲಿಲ್ಲ. ಬಂಡಾಯದ ಗುರಿ ಸಿಂಹಾಸನವಲ್ಲ, ಮಂತ್ರಿ. ದಂಗೆ ಸಾವಂತವಾಡಿಗೂ ಹಬ್ಬಿತು, ಕರ್ನಲ್ ಓವನ್ಸ್ ಎಂಬ ಹಿರಿಯ ಅಧಿಕಾರಿ ಸಿಕ್ಕಿಬಿದ್ದು ಪನ್ಹಾಳದಲ್ಲಿ ಬಂದಿಯಾದ, ಡೆಲಮೋಟ್‌ನ ಸೈನ್ಯ ಡಿಸೆಂಬರ್ ಆರಂಭದಲ್ಲಿ ಪನ್ಹಾಳವನ್ನು ಹಿಡಿಯುವವರೆಗೂ ಹೋರಾಟ ನಡೆಯಿತು. ಆಮೇಲೆ ಕೋಟೆಗಳನ್ನು ಕೆಡವಿಸಿ, ಗಡಕರಿ ಪದ್ಧತಿಯನ್ನು ರದ್ದುಮಾಡಿ, ಸಂಸ್ಥಾನದ ಸೈನ್ಯವನ್ನು ಕಳಚಿ, ಅದರ ಬದಲಿಗೆ ಕಂಪನಿಯ ಹಿಡಿತದ ಸ್ಥಳೀಯ ಪಡೆಯನ್ನು ಕಟ್ಟಲಾಯಿತು. ದಂಗೆಯನ್ನು ಅಡಗಿಸಿದ ಖರ್ಚೂ ಸಂಸ್ಥಾನದ ಲೆಕ್ಕಕ್ಕೇ ಬಿತ್ತು. 1857ರಲ್ಲಿ ಕೊಲ್ಹಾಪುರದ ದೇಶೀ ಪಡೆ ಬಂಡೆದ್ದಾಗ ದೊರೆಯ ತಮ್ಮ ಚಿಮಾಸಾಹೇಬನನ್ನು ಕರಾಚಿಗೆ ಗಡೀಪಾರು ಮಾಡಲಾಯಿತು.

ಪ್ರಾಯಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದ ಶಿವಾಜಿಗೆ ಆಡಳಿತ ಮರಳಿ ಬಂದದ್ದು 1862ರ ಒಪ್ಪಂದದಿಂದ. ಮಹತ್ವದ ಎಲ್ಲ ವಿಷಯಗಳಲ್ಲೂ ಬ್ರಿಟಿಷ್ ಸರ್ಕಾರದ ಸಲಹೆಯಂತೆ ನಡೆಯಬೇಕೆಂಬುದು ಅದರ ತಿರುಳು. ಅದೇ ವರ್ಷ ದೇಶದ ಅನೇಕ ಸಂಸ್ಥಾನಗಳಿಗೆ ದತ್ತಕದ ಹಕ್ಕನ್ನು ಮಾನ್ಯ ಮಾಡುವ ಸನದುಗಳೂ ದೊರೆತವು, ಮತ್ತು 1866ರಲ್ಲಿ ಮರಣಶಯ್ಯೆಯಲ್ಲಿದ್ದ ಶಿವಾಜಿ ತನ್ನ ಸೋದರಿಯ ಮಗ ರಾಜಾರಾಮನನ್ನು ದತ್ತು ತೆಗೆದುಕೊಳ್ಳಲು ಅನುಮತಿ ಪಡೆದ. ಕಿತ್ತೂರಿಗೆ 1824ರಲ್ಲಿ ನಿರಾಕರಿಸಿದ್ದನ್ನು, ನರಗುಂದಕ್ಕೆ ನಿರಾಕರಿಸಿ 1858ರಲ್ಲಿ ರಕ್ತಪಾತಕ್ಕೆ ಕಾರಣವಾದದ್ದನ್ನು, ಈಗ ಕೊಲ್ಹಾಪುರಕ್ಕೆ ಸುಲಭವಾಗಿ ಕೊಡಲು ಸಾಧ್ಯವಾದದ್ದು 1857ರ ಭಯದಿಂದ ಮಾತ್ರವೇ ಅಲ್ಲ. ಕಾರಭಾರಿಯನ್ನು ನೇಮಿಸುವ ಹಕ್ಕು ಕೈಗೆ ಬಂದ ಮೇಲೆ ಗಾದಿಯ ಮೇಲೆ ಯಾರ ಮಗ ಕೂತರೂ ಸರ್ಕಾರಕ್ಕೆ ನಷ್ಟವಿರಲಿಲ್ಲ.

ಈ ವ್ಯವಸ್ಥೆ ಮುಂದಿನ ಪೀಳಿಗೆಯಲ್ಲಿ ಪತ್ರಿಕೆಗಳ ಕಣ್ಣಿಗೆ ಬಿದ್ದಿತು. ಮತ್ತೊಬ್ಬ ದತ್ತುದೊರೆ ನಾಲ್ಕನೆಯ ಶಿವಾಜಿಯ ಕಾಲದಲ್ಲಿ, ಅವನಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಹೇಳಿ ಆಡಳಿತ ನಡೆಸುತ್ತಿದ್ದ ಕಾರಭಾರಿ ಮಾಧವರಾವ್ ಬರ್ವೆಯನ್ನು ಪುಣೆಯ ಕೇಸರಿ ಮತ್ತು ಮರಾಠಾ ಪತ್ರಿಕೆಗಳು ಕಟುವಾಗಿ ಟೀಕಿಸಿದವು. ಬರ್ವೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 1882ರಲ್ಲಿ ಬಾಲ ಗಂಗಾಧರ ಟಿಳಕ ಮತ್ತು ಗೋಪಾಲ ಗಣೇಶ ಆಗರಕರ ಇಬ್ಬರಿಗೂ ನಾಲ್ಕು ತಿಂಗಳ ಶಿಕ್ಷೆಯಾಯಿತು. ಟಿಳಕರ ಮೊದಲ ಸೆರೆವಾಸಕ್ಕೆ ಕಾರಣ ಮುಂಬೈ ಸರ್ಕಾರವನ್ನು ನೇರವಾಗಿ ಕೆಣಕಿದ ಬರಹವಲ್ಲ, ಕೊಲ್ಹಾಪುರದ ಕಾರಭಾರಿಯ ಕುರಿತ ಬರಹ. ಅದೇ ಟಿಳಕರು 1916ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ಹೋಮ್‌ರೂಲ್ ಲೀಗನ್ನು ಸ್ಥಾಪಿಸಿದರು, ಮತ್ತು ಅವರ ಹೆಸರನ್ನು ಹೊತ್ತ ಟಿಳಕವಾಡಿಯಲ್ಲಿ 1924ರ ಡಿಸೆಂಬರಿನಲ್ಲಿ, ಕಿತ್ತೂರಿನ ಕೋಟೆ ಬಿದ್ದು ಸರಿಯಾಗಿ ನೂರು ವರ್ಷಗಳಾದ ತಿಂಗಳಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಧಿವೇಶನದ ಸಂಘಟಕ ಗಂಗಾಧರರಾವ್ ದೇಶಪಾಂಡೆಯವರು ಟಿಳಕರ ಅನುಯಾಯಿಯಾಗಿ ರಾಜಕಾರಣಕ್ಕೆ ಬಂದವರು.

ಕರಾರುಗಳ ರಾಜಕೀಯ ಅರ್ಥ ಸಂಸ್ಥಾನಗಳೊಂದಿಗೇ ಮುಗಿದುಹೋದರೂ ಅವುಗಳ ಭೌಗೋಳಿಕ ಪರಿಣಾಮ ಉಳಿದಿದೆ. 1827ರಲ್ಲಿ ಕೊಲ್ಹಾಪುರ ಬಿಟ್ಟುಕೊಟ್ಟ ಚಿಕ್ಕೋಡಿ ಮತ್ತು ಮುನವಳ್ಳಿ ಕಂಪನಿಯ ಮುಲಕಿಗೆ ಸೇರಿ, ಮುಂದೆ ಬೆಳಗಾವಿ ಜಿಲ್ಲೆಯ ಭಾಗವಾಗಿ, 1956ರಲ್ಲಿ ಆ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. ಕನ್ನಡಿಗರು ಗಣನೀಯವಾಗಿದ್ದ ಗಡಹಿಂಗ್ಲಜ ದೊರೆಯ ಕೈಯಲ್ಲೇ ಉಳಿದು, 1949ರಲ್ಲಿ ಸಂಸ್ಥಾನದ ವಿಲೀನದೊಂದಿಗೆ ಮುಂಬೈ ರಾಜ್ಯಕ್ಕೂ ಆನಂತರ ಮಹಾರಾಷ್ಟ್ರಕ್ಕೂ ಸೇರಿತು.