ಸೈಲೆನ್ಸರ್ ಸೋರಿದರೆ ಬರೀ ಸದ್ದಲ್ಲ

ಕಾರಿನ ಹೊಟ್ಟೆಯಡಿ ಇಂಜಿನ್‌ನಿಂದ ಹಿಂದಿನ ಬಂಪರ್ ತನಕ ಓಡುವ ಕೊಳವೆಗೆ ನಾವು ಸೈಲೆನ್ಸರ್ ಅಂತೀವಿ. ದಪ್ಪಗಿರುವ ಡಬ್ಬಕ್ಕೆ ಮಾತ್ರ ಸಲ್ಲಬೇಕಾದ ಹೆಸರು ಇಡೀ ಪೈಪಿಗೇ ಅಂಟಿಕೊಂಡಿದೆ. ಬ್ರಿಟಿಷರಿಂದ ನಮಗೆ ಬಂದ ಪದ. ಅಮೆರಿಕದವರು ಮಫ್ಲರ್ ಅಂತಾರೆ. ಎರಡೂ ಹೆಸರು ಹೇಳೋದು ಸದ್ದಿನ ವಿಚಾರವನ್ನೇ, ಹೊಗೆಯ ಸುದ್ದಿಯೇ ಇಲ್ಲ. ಈ ಹೆಸರಿನಿಂದಾಗಿಯೇ ನೂರು ವರ್ಷದಿಂದ ಜನ ಈ ಕೊಳವೆಯನ್ನು ಹಗುರಾಗಿ ತಗೊಂಡಿದ್ದಾರೆ ಅನ್ನೋದು ನನ್ನ ಅನುಮಾನ. ಸೋರಿದರೆ ಏನಂತೆ, ಸ್ವಲ್ಪ ಸೌಂಡು ಜಾಸ್ತಿ ಅಷ್ಟೇ ತಾನೆ!

ಶುರುವಾದದ್ದೂ ಸದ್ದಿನಿಂದಲೇ ಬಿಡಿ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಕೊಲಂಬಸ್ ಅಂತ ಒಂದು ಊರು. ಅಲ್ಲಿನ ಮಿಲ್ಟನ್ ರೀವ್ಸ್, ಮಾರ್ಷಲ್ ರೀವ್ಸ್ ಎಂಬ ಅಣ್ಣತಮ್ಮಂದಿರು 1897ರಲ್ಲಿ ಹೊಗೆ ಕೊಳವೆಯ ಸದ್ದಡಗಿಸುವ ಡಬ್ಬಕ್ಕೆ ಪೇಟೆಂಟ್ ಪಡೆದರು. ಆಮೇಲೆ ಬಂದವನು ಹಿರಾಮ್ ಪರ್ಸಿ ಮ್ಯಾಕ್ಸಿಮ್. 1909ರಲ್ಲಿ ಇವನು ಪೇಟೆಂಟ್ ಪಡೆದದ್ದು ಬಂದೂಕಿನ ಸೈಲೆನ್ಸರಿಗೆ. ಮುಂದೆ ಅವನ ಕಂಪನಿ ಇಂಜಿನ್‌ಗಳಿಗೂ ಸೈಲೆನ್ಸರ್ ಮಾಡಿತು. ಇವನ ಅಪ್ಪ ಯಾರು ಗೊತ್ತೇ? ಮ್ಯಾಕ್ಸಿಮ್ ಮೆಷಿನ್ ಗನ್ ಮಾಡಿದವನು! ಅಪ್ಪ ಎಬ್ಬಿಸಿದ ಸದ್ದನ್ನು ಮಗ ಅಡಗಿಸಲು ಹೊರಟ.

ಆಗಿನ ಕಾರುಗಳಲ್ಲಿ 'ಕಟ್ ಔಟ್' ಎಂಬ ಒಂದು ತಮಾಷೆಯ ಸಾಧನ ಇರುತ್ತಿತ್ತು. ಒಂದು ಪೆಡಲ್ ಒತ್ತಿದರೆ ಹೊಗೆ ಡಬ್ಬದೊಳಗೆ ಹೋಗದೆ ನೇರ ಹೊರಗೆ. ಡಬ್ಬ ಇಂಜಿನ್ನಿನ ಶಕ್ತಿ ತಿನ್ನುತ್ತೆ ಅಂತ ಜನರ ನಂಬಿಕೆ. ಊರೊಳಗೆ ಮರ್ಯಾದೆಗೆ ಮುಚ್ಚಿಕೊಂಡು ಹೋಗೋದು, ಊರು ದಾಟಿದ ಮೇಲೆ ತೆರೆದು ಗುಡುಗೋದು. ಇವತ್ತು ಬುಲೆಟ್ಟಿನ ಸೈಲೆನ್ಸರ್ ಬಿಚ್ಚಿಸಿಕೊಂಡು ಓಡಾಡುವ ನಮ್ಮ ಹುಡುಗರು ಇವರದೇ ವಂಶ.

ಇರಲಿ, ಹೊಗೆಯ ವಿಷಯಕ್ಕೆ ಬರೋಣ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕಕ್ಕೆ ಜಾಗ ಬಿಡೋದಿಲ್ಲ ಅಂತ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1850ರ ದಶಕದಲ್ಲೇ ತೋರಿಸಿದ್ದ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. 1890ರ ದಶಕದಲ್ಲಿ ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ತಾನೇ ಈ ಅನಿಲವನ್ನು ಉಸಿರಾಡಿ, ತಲೆನೋವಿನಿಂದ ಕಾಲು ತಡವರಿಸುವವರೆಗೆ ಏನೇನಾಗುತ್ತೆ ಅಂತ ಬರೆದಿಟ್ಟ. ಕಲ್ಲಿದ್ದಲ ಗಣಿಗೆ ಕ್ಯಾನರಿ ಹಕ್ಕಿ ಒಯ್ಯುವ ಸಲಹೆಯೂ ಈ ಪುಣ್ಯಾತ್ಮನದೇ. ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತೆ, ಅಷ್ಟರಲ್ಲಿ ಓಡಬಹುದು. ಬ್ರಿಟನ್ನಿನ ಗಣಿಗಳಲ್ಲಿ 1986ರವರೆಗೂ ಆ ಹಕ್ಕಿಗಳು ಕೆಲಸದಲ್ಲಿದ್ದವು.

ಗಣಿಯ ಈ ಜ್ಞಾನ ಕಾರಿಗೆ ಬಂದದ್ದು ಒಂದು ಸುರಂಗದಿಂದ. ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಯ ಕೆಳಗೆ ಹಾಲೆಂಡ್ ಸುರಂಗ ತೋಡಲು ಹೊರಟಾಗ ದೊಡ್ಡ ಪ್ರಶ್ನೆ ನೀರಿನದಲ್ಲ, ಹೊಗೆಯದು. ಸಾವಿರಾರು ಕಾರು ಒಳಗೆ ಹೊಗೆ ಬಿಟ್ಟರೆ ಜನ ಬದುಕೋದು ಹೇಗೆ? ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ ಮತ್ತು ಹೊವಾರ್ಡ್ ಹ್ಯಾಗರ್ಡ್ ಮುಚ್ಚಿದ ಕೋಣೆಯಲ್ಲಿ ಸ್ವಯಂಸೇವಕರನ್ನು ಕೂರಿಸಿ ಪ್ರಯೋಗ ಮಾಡಿದರು. 10,000 ಪಾಲು ಗಾಳಿಯಲ್ಲಿ 4 ಪಾಲು ಕಾರ್ಬನ್ ಮಾನಾಕ್ಸೈಡ್, ಸುರಂಗ ದಾಟುವಷ್ಟು ಹೊತ್ತಿಗೆ ಅದೇ ಮಿತಿ ಅಂತ ಇಟ್ಟುಕೊಂಡರು. 84 ಭಾರೀ ಫ್ಯಾನುಗಳನ್ನು ಕೂರಿಸಿ 1927ರ ನವೆಂಬರಿನಲ್ಲಿ ಸುರಂಗ ತೆರೆದರು.

ಈಗ ನಮ್ಮ ಕಡೆಯ ಒಂದು ಅಂಕಿ. 1989ರ ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳು ಪೆಟ್ರೋಲ್ ಕಾರು ಐಡಲ್‌ನಲ್ಲಿ ನಿಂತಾಗ ಹೊಗೆಯಲ್ಲಿ ಶೇಕಡಾ 3ರಷ್ಟು ಕಾರ್ಬನ್ ಮಾನಾಕ್ಸೈಡ್‌ಗೆ ಅವಕಾಶ ಕೊಟ್ಟಿದ್ದವು. 10,000ಕ್ಕೆ 300 ಆಯ್ತಲ್ಲ. ಸುರಂಗದ ಮಿತಿಯ 75 ಪಟ್ಟು, ಅದೂ ಕಾನೂನು ಪ್ರಕಾರ ಪಾಸಾದ ಕಾರಿನಲ್ಲಿ! ಬಯಲಿಗೆ ಬಿದ್ದರೆ ಗಾಳಿಯಲ್ಲಿ ಬೆರೆತು ತೆಳುವಾಗುತ್ತೆ, ನಿಜ. ಅದು ಸೀಟಿನ ಕೆಳಗಲ್ಲ, ಬಯಲಲ್ಲೇ ಬೀಳುವ ಹಾಗೆ ನೋಡಿಕೊಳ್ಳುವುದೇ ಈ ಕೊಳವೆಯ ಮೊದಲ ಕೆಲಸ. ಹೊಗೆ ಕೆಳಮುಖವಾಗಿ ಬರಬಾರದು, ಎಡಕ್ಕೂ ಬರಬಾರದು, ಹಿಂದಕ್ಕೆ ಅಥವಾ ಬಲಕ್ಕೆ ಹೋಗಬೇಕು ಅಂತ ಅದೇ ನಿಯಮಗಳಲ್ಲಿದೆ. ಎಡಕ್ಕೆ ಜನ ನಡೆಯುವ ಜಾಗ, ಅದಕ್ಕೆ.

ನಮ್ಮ ಚಿಕ್ಕಪ್ಪನ ಹತ್ತಿರ ಒಂದು ಹಳೇ ಮಾರುತಿ 800 ಇತ್ತು. ಹಾಸನದಲ್ಲಿ ಸೈಲೆನ್ಸರ್ ತೂತು ಬಿದ್ದಾಗ ಒರಿಜಿನಲ್‌ನ ಮೂರನೇ ಒಂದು ಪಾಲು ಬೆಲೆಗೆ ಲೋಕಲ್ ಮಾಲು ಹಾಕಿಸಿದ್ದರು. ಎರಡೇ ತಿಂಗಳಿಗೆ ಪಟ್ ಪಟ್ ಅನ್ನತೊಡಗಿತು. "ಏನಾಗಲ್ಲ ಸಾರ್, ಸ್ವಲ್ಪ ಸೌಂಡ್ ಅಷ್ಟೇ" ಅಂದ ಹಾಕಿಕೊಟ್ಟವನು. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟರು. ಮಳೆ ಅಂತ ಕಿಟಕಿ ಪೂರ್ತಿ ಮುಚ್ಚಿದ್ದರು. ಚಿಕ್ಕಮ್ಮನಿಗೆ ತಲೆ ಸಿಡಿಯುವಷ್ಟು ನೋವು, ಹಿಂದೆ ಕೂತ ಮಕ್ಕಳಿಬ್ಬರಿಗೂ ವಾಂತಿ. ಘಾಟಿಯ ತಿರುವು ಅಂತ ಎಲ್ಲರೂ ನಿಂಬೆಹಣ್ಣು ಮೂಸಿದ್ದೇ ಮೂಸಿದ್ದು. ತಿರುವು ಮುಗಿದು ಬಯಲು ರಸ್ತೆಗೆ ಬಂದ ಮೇಲೂ ಚಿಕ್ಕ ಮಗು ತೂಕಡಿಸುತ್ತಲೇ ಇತ್ತಂತೆ, ಎಬ್ಬಿಸಿದರೂ ಸರಿಯಾಗಿ ಏಳಲಿಲ್ಲ. ಗಾಬರಿಯಾಗಿ ಗಾಡಿ ನಿಲ್ಲಿಸಿ ಬಾಗಿಲು ತೆರೆದು ಎತ್ತಿಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಿತು. ಮುಂದೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಕಾರನ್ನು ಎತ್ತಿ ತೋರಿಸಿದರು: ಪೈಪಿನ ಜಾಯಿಂಟ್ ಸುತ್ತ ಬೆರಳಗಲ ಮಸಿ, ಅದರ ನೇರ ಮೇಲೆ ಕಾರಿನ ತಳದಲ್ಲಿ ತುಕ್ಕು ತಿಂದ ತೂತು.

ಅಗ್ಗದ್ದು ಯಾಕೆ ಬೇಗ ಸೋರುತ್ತೆ? ಮುಖ್ಯ ಕಾರಣ ನೀರು! ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತೆ. ದೂರ ಓಡುವ ಕಾರಿನಲ್ಲಿ ಪೈಪು ಚೆನ್ನಾಗಿ ಕಾದು ಅದು ಆವಿಯಾಗಿಯೇ ಹೊರಬೀಳುತ್ತೆ. ತರಕಾರಿ ತರೋಕೆ, ಮಕ್ಕಳನ್ನು ಶಾಲೆಗೆ ಬಿಡೋಕೆ ಅಂತ ಎರಡು ಕಿಲೋಮೀಟರ್ ಓಡಿ ನಿಂತರೆ ಡಬ್ಬದೊಳಗೇ ತಣ್ಣಗಾಗಿ ನಿಲ್ಲುತ್ತೆ, ಸ್ವಲ್ಪ ಆಮ್ಲವೂ ಸೇರಿಕೊಂಡು. ಒಳ್ಳೆಯ ತಯಾರಕರು ಅಲ್ಯೂಮಿನಿಯಂ ಲೇಪದ ಉಕ್ಕು ಅಥವಾ ಸ್ಟೇನ್‌ಲೆಸ್ ಹಾಕೋದು ಇದಕ್ಕೇ. ಅಗ್ಗದ್ದರಲ್ಲಿ ಬರೀ ತೆಳು ತಗಡು, ಮೇಲೆ ಬೆಳ್ಳಿ ಬಣ್ಣ. ಅಳತೆಯೂ ಅರ್ಧ ಇಂಚು ಆಚೀಚೆ. ಅದನ್ನು ಎಳೆದು ಬೋಲ್ಟ್ ಬಿಗಿದರೆ ಗ್ಯಾಸ್ಕೆಟ್ ಒಂದು ಕಡೆ ಅಮುಕಿ ಇನ್ನೊಂದು ಕಡೆ ಬಾಯಿ ಬಿಡುತ್ತೆ.

ಸೋರಿಕೆ ಹುಡುಕೋದು ಕಷ್ಟವಲ್ಲ. ಬಯಲಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಹಿಂದಿನ ಬಾಯಿಗೆ ದಪ್ಪ ಒದ್ದೆ ಬಟ್ಟೆಯನ್ನು ಕ್ಷಣಹೊತ್ತು ಒತ್ತಿ ಹಿಡಿಯಿರಿ. ಎಲ್ಲಿ ಬುಸ್ ಅನ್ನುತ್ತೋ ಅಲ್ಲೇ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತೆ. ಜಾಯಿಂಟ್ ಆದರೆ ಪೈಪನ್ನು ಸಡಿಲ ಬಿಟ್ಟು, ರಬ್ಬರ್ ಹ್ಯಾಂಗರ್‌ಗಳಲ್ಲಿ ಸರಿಯಾಗಿ ತೂಗುಹಾಕಿ, ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ಸಮನಾಗಿ ಬಿಗಿಯಬೇಕು. ಎಂ-ಸೀಲ್ ಮೆತ್ತುವವರನ್ನು ನೋಡಿದ್ದೇನೆ. ನೀರಿನ ಟ್ಯಾಂಕಿಗೆ ಸರಿ, ಈ ಬಿಸಿಗೆ ನಿಲ್ಲಲ್ಲ. ಸೈಲೆನ್ಸರ್ ಪೇಸ್ಟ್ ಮನೆ ತಲುಪುವವರೆಗೆ ಸಾಕು. ಹಿಂದೆಲ್ಲ ಆಸ್ಬೆಸ್ಟಾಸ್ ಹಗ್ಗ ಸುತ್ತುತ್ತಿದ್ದರು, ಅದರ ಪುಡಿ ಶ್ವಾಸಕೋಶಕ್ಕೆ ಬೇರೆಯದೇ ವಿಷ. ತಗಡೇ ತಿಂದುಹೋಗಿದ್ದರೆ ವೆಲ್ಡಿಂಗೂ ವ್ಯರ್ಥ. ಒಂದು ತೂತು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಎರಡು.

1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು, 2000ದ ಫೆಬ್ರವರಿ ಹೊತ್ತಿಗೆ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್. ಆಮೇಲೆ ಬಂದ ಕಾರುಗಳಲ್ಲಿ ವಿಷ ಎಷ್ಟೋ ಕಡಿಮೆ. ಆದರೆ ಅವುಗಳ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತಿದೆ (ಬಾಷ್ ಕಂಪನಿ ಮಾಡಿ 1976ರಲ್ಲಿ ವೋಲ್ವೊ ಕಾರಿಗೆ ಮೊದಲು ಹಾಕಿದ್ದು). ಸೆನ್ಸರಿಗಿಂತ ಮುಂಚೆ ಸೋರಿಕೆ ಇದ್ದರೆ ಹೊಗೆ ಹೊರಗೆ ಹೋಗೋದಷ್ಟೇ ಅಲ್ಲ, ಹೊರಗಿನ ಗಾಳಿಯೂ ಒಳಕ್ಕೆ ಎಳೆಯಲ್ಪಡುತ್ತೆ. ಪೆಟ್ರೋಲ್ ಸಾಲದು ಅಂತ ಕಂಪ್ಯೂಟರ್ ತಪ್ಪು ತಿಳಿದು ಇನ್ನಷ್ಟು ಸುರಿಯುತ್ತೆ. ಮೈಲೇಜ್ ಬೀಳುತ್ತೆ, ದುಬಾರಿ ಕನ್ವರ್ಟರ್ ಅತಿಯಾಗಿ ಕಾಯುತ್ತೆ.

ಅಂದ ಹಾಗೆ, ಎಮಿಷನ್ ಟೆಸ್ಟಿನವರು ನಳಿಕೆ ತೂರಿಸೋದು ಪೈಪಿನ ಹಿಂದಿನ ತುದಿಗೆ. ನಡುವೆ ಸೋರಿ ಗಾಳಿ ಬೆರೆತಿದ್ದರೆ ಅಲ್ಲಿ ಸಿಗೋದು ತೆಳುವಾದ ಹೊಗೆ, ಯಂತ್ರ ತೋರಿಸೋದು ಚಂದದ ನಂಬರು. ಚಿಕ್ಕಪ್ಪನ ಕಾರು ಆ ಪ್ರಯಾಣಕ್ಕೆ ಹದಿನೈದು ದಿನ ಮುಂಚೆ ಟೆಸ್ಟಿನಲ್ಲಿ ಪಾಸಾಗಿತ್ತು, ಸ್ಟಿಕರ್ ಗಾಜಿನ ಮೇಲೇ ಇತ್ತು.