ಮಧುಗಿರಿ ಸೀಮೆಯ ದುರ್ಗಶಿಖರಗಳು

ತುಮಕೂರು ಜಿಲ್ಲೆಯ ದೇವರಾಯನದುರ್ಗದಿಂದ ಮೊದಲ್ಗೊಂಡು ಕೊರಟಗೆರೆ, ಮಧುಗಿರಿಗಳ ಮಾರ್ಗವಾಗಿ ಪಾವಗಡದವರೆಗೆ ಬೆಟ್ಟಗಳ ಸಾಲೊಂದು ಉತ್ತರಾಭಿಮುಖವಾಗಿ ಹಬ್ಬಿದೆ. ಭೂಗರ್ಭಶಾಸ್ತ್ರಜ್ಞರು ಇಲ್ಲಿಯ ಶಿಲೆಗೆ, ರಾಮನಗರದ ಹಳೆಯ ಹೆಸರನ್ನು ಅನುಸರಿಸಿ, ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಮಳೆ ಬಿಸಿಲುಗಳಿಗೆ ಮೇಲ್ಮಣ್ಣು ಸವೆದುಹೋಗಿ, ಬಯಲಿನ ನಡುವೆ ನೆಟ್ಟ ಲಿಂಗಗಳಂತೆ ಈ ಬಂಡೆಗಳು ನಿಂತಿವೆ. ಇವುಗಳ ತುದಿಯಲ್ಲಿ ನಿಂತು ಕಾಣುವ ವಿಶಾಲ ನೋಟವನ್ನು ನಾವಿಂದು ಪ್ರಕೃತಿಯ ಚೆಲುವೆಂದು ಸವಿಯುತ್ತೇವೆ. ಪೂರ್ವಿಕರಿಗಾದರೋ ಆ ನೋಟವೇ ರಾಜ್ಯರಕ್ಷಣೆಯ ಮುಖ್ಯ ಸಾಧನವಾಗಿತ್ತು. ಕುದುರೆಯ ದಂಡು ಎಬ್ಬಿಸಿದ ಧೂಳನ್ನು ಹರದಾರಿಗಳಾಚೆಯೇ ಕಂಡವನು ಕೋಟೆಯ ಬಾಗಿಲನ್ನು ಸಕಾಲದಲ್ಲಿ ಮುಚ್ಚಬಲ್ಲವನಾಗಿದ್ದನು.

ಈ ಸಾಲಿನಲ್ಲಿ ಮಧುಗಿರಿಯೇ ಅಗ್ರಗಣ್ಯವಾದುದು. 3,930 ಅಡಿ ಎತ್ತರದ ಈ ಬೆಟ್ಟ ಏಷ್ಯಾ ಖಂಡದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಖ್ಯಾತಿವೆತ್ತಿದೆ. ಇದರ ಹಿಂದಿನ ಹೆಸರು ಮದ್ದಗಿರಿ. ಸ್ಥಳೀಯ ನಾಯಕನಾದ ಹಿರೇಗೌಡನು ಮೊದಲು ಇಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನೆಂದು ಹೇಳುತ್ತಾರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1678ರ ಸುಮಾರಿಗೆ, ಇದು ಮೈಸೂರಿನ ವಶವಾಯಿತು. ಮುಂದೆ ಹೈದರಾಲಿಯು ಕೋಟೆಯನ್ನು ಬಲಪಡಿಸಿದನು. ತಪ್ಪಲಿನಲ್ಲಿ ವೆಂಕಟರಮಣ ಮತ್ತು ಮಲ್ಲೇಶ್ವರ ದೇವಾಲಯಗಳಿವೆ. ಒಂದಾದ ಮೇಲೊಂದು ಬಾಗಿಲುಗಳನ್ನು ದಾಟಿ, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳನ್ನು ಹತ್ತುತ್ತಾ ಹೋದಂತೆ ಮಳೆನೀರು ನಿಲ್ಲುವ ದೊಣೆಗಳೂ, ತುದಿಯಲ್ಲಿ ಧಾನ್ಯದ ಕಣಜಗಳ ಅವಶೇಷಗಳೂ ಕಾಣಸಿಗುತ್ತವೆ. ನೀರು, ಧಾನ್ಯ, ದೃಷ್ಟಿ, ಈ ಮೂರೂ ಕೈಯಲ್ಲಿದ್ದರೆ ಸಣ್ಣ ಪಡೆಯೂ ದೊಡ್ಡ ಮುತ್ತಿಗೆಯನ್ನು ಎದುರಿಸಿ ನಿಲ್ಲಬಹುದಾಗಿತ್ತು.

ಮಧುಗಿರಿಯ ಪಶ್ಚಿಮಕ್ಕೆ ಸಿರಾ ಬಯಲು. ಅಲ್ಲಿಯ ಕೋಟೆ ಕಂದಕದಿಂದ ಸುತ್ತುವರಿದ ನೆಲಕೋಟೆ. ಕಸ್ತೂರಿ ರಂಗಪ್ಪನಾಯಕನು ಆರಂಭಿಸಿದ ಈ ಸ್ಥಾನವು ಬಿಜಾಪುರದವರ ಕೈಸೇರಿ, 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿವೆ. ಬಯಲಿನಲ್ಲಿ ಕುಳಿತವರು ಕಂದಾಯ ಕೇಳುವುದು, ಬೆಟ್ಟದ ಮೇಲೆ ಕುಳಿತವರು ಕೊಡಲು ಹಿಂಜರಿಯುವುದು, ಇದು ಅಂದಿನ ಪಾಳೆಯಗಾರರ ಕಾಲದ ರಾಜಕಾರಣದ ಸಾರ. 1761ರಲ್ಲಿ ಬಸಾಲತ್ ಜಂಗನು ಹೈದರಾಲಿಗೆ ಸಿರಾದ ನವಾಬನೆಂಬ ಬಿರುದನ್ನಿತ್ತನು.

ಅದಾದ ಎರಡೇ ವರ್ಷಗಳಲ್ಲಿ ಈ ಬೆಟ್ಟದ ಕಥೆಯು ಮಲೆನಾಡಿನ ಒಂದು ದುರಂತದೊಡನೆ ಹೆಣೆದುಕೊಂಡಿತು. ಸುಮಾರು ಎರಡೂವರೆ ಶತಮಾನಗಳ ಕಾಲ ಆಳಿದ ವೀರಶೈವ ರಾಜವಂಶವಾದ ಕೆಳದಿಯ ಕೊನೆಯ ರಾಜಧಾನಿ ಬಿದನೂರು 1763ರಲ್ಲಿ ಹೈದರನ ವಶವಾಯಿತು. ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರ ಸೋಮಶೇಖರನನ್ನೂ ಸೆರೆಹಿಡಿದು ಮಧುಗಿರಿಯಲ್ಲಿ ಇಡಲಾಯಿತು. ದಟ್ಟ ಕಾನನ, ಎಡೆಬಿಡದ ಮಳೆ, ಅಡಿಕೆ ತೋಟಗಳ ನಾಡಿನಿಂದ ಬಂದ ಆ ರಾಣಿಯ ಸುತ್ತ ಈಗ ಇದ್ದುದು ಕಾದ ಬಂಡೆ ಮತ್ತು ಬರದ ಬಯಲು. ಶತ್ರುವನ್ನು ಒಳಗೆ ಬಿಡದಿರಲು ಕಟ್ಟಿದ ಗೋಡೆಯೇ ಸೆರೆಯಾಳನ್ನು ಹೊರಗೆ ಬಿಡದ ಗೋಡೆಯೂ ಆಯಿತು. 1767ರಲ್ಲಿ ಪೇಶ್ವೆ ಮಾಧವರಾಯನು ಸಿರಾವನ್ನೂ ಮಧುಗಿರಿಯನ್ನೂ ಗೆದ್ದಾಗ ಅವರಿಗೆ ಬಿಡುಗಡೆ ದೊರೆಯಿತು. ಆದರೆ ಬಿದನೂರಿನ ಸಿಂಹಾಸನ ಮರಳಿ ದೊರೆಯಲಿಲ್ಲ. ಬೆಟ್ಟವೇರಿ ನೋಟ ಸವಿದು ಇಳಿಯುವವರು ಈ ನಾಲ್ಕು ವರ್ಷಗಳ ಸೆರೆವಾಸವನ್ನು ಒಮ್ಮೆಯಾದರೂ ನೆನೆಯುವುದು ಉಚಿತ.

ಮಧುಗಿರಿಯ ದಕ್ಷಿಣಕ್ಕೆ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಅದರಾಚೆ ಸಿದ್ಧರಬೆಟ್ಟ. ಮೊದಲನೆಯದು ಕೋಟೆ, ಎರಡನೆಯದು ಗುಹೆ. ಗಿಡಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟದಲ್ಲಿ ಸಿದ್ಧರು ತಪಸ್ಸು ಮಾಡಿದರೆಂಬ ನಂಬಿಕೆ ಇಂದಿಗೂ ಜನರಲ್ಲಿದೆ. ಒಂದೇ ಶಿಲೆಯ ಬೆಟ್ಟಗಳಲ್ಲಿ ಅರಸನು ಹೊರಗನ್ನು ನೋಡಲೆಂದು ಏರಿದನು, ಸಿದ್ಧನು ಒಳಗನ್ನು ನೋಡಲೆಂದು ಏರಿದನು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಈ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ.

ಉತ್ತರದತ್ತ ಮಿಡಿಗೇಶಿಯ ದುರ್ಗವನ್ನು ದಾಟಿದರೆ ಪಾವಗಡ. ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದ ಈ ತಾಲ್ಲೂಕಿನಲ್ಲಿ ಊರಿನ ಮೇಲೆಯೇ ಕೋಟೆಯ ಬೆಟ್ಟ ನಿಂತಿದೆ. ಪಶ್ಚಿಮಕ್ಕೆ ನಿಡುಗಲ್ಲು. 12 ಮತ್ತು 13ನೇ ಶತಮಾನಗಳಲ್ಲಿ ಅಲ್ಲಿಂದ ಆಳಿದ ನಿಡುಗಲ್ಲಿನ ಚೋಳರು ಹೊಯ್ಸಳರಿಗೆ ಬಹುಕಾಲ ತಲೆನೋವಾಗಿದ್ದರು. 19ನೇ ಶತಮಾನದ ಮೊದಲ ದಶಕದಲ್ಲಿ ವಿಲಿಯಂ ಲ್ಯಾಂಬ್ಟನ್ ಭೂಮಿಯ ಆಕಾರವನ್ನರಿಯಲು ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ಅಳತೆ ನಡೆಸಿದಾಗ, ನಕ್ಷತ್ರಗಳನ್ನು ವೀಕ್ಷಿಸಿ ಅಕ್ಷಾಂಶ ಗೊತ್ತುಮಾಡಿದ ನೆಲೆಗಳಲ್ಲಿ ಪಾವಗಡವೂ ಒಂದಾಗಿತ್ತು. ಎತ್ತರದ ಒಂದು ನೆಲೆಯಿಂದ ಮತ್ತೊಂದು ನೆಲೆಯನ್ನು ಯಂತ್ರದಿಂದ ಗುರಿಯಿಟ್ಟು ನೋಡುವುದೇ ಆ ಅಳತೆಯ ಮರ್ಮ. ಕಾವಲುಗಾರನ ದೃಷ್ಟಿಗೆ ಒದಗಿದ ಎತ್ತರವೇ ಹೀಗೆ ಗಣಿತಜ್ಞನಿಗೂ ಒದಗಿತು. ಇಂದು ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರಫಲಕಗಳು ಹರಡಿಕೊಂಡಿವೆ. ಬರವನ್ನು ತಂದ ಬಿಸಿಲೇ ಈಗ ಬೆಳೆಯಾಗಿದೆ.

ಈ ಶಿಖರಗಳನ್ನು ನೋಡಬಯಸುವವರು ಮಳೆಗಾಲ ಕಳೆದು ಕೆರೆಗಳು ತುಂಬಿರುವಾಗ, ಬಂಡೆ ಕಾಯುವ ಮುನ್ನ ಹೊರಡುವುದು ಲೇಸು. ಮಧುಗಿರಿಯ ಮೇಲ್ಭಾಗದ ಏರು ಕಡಿದಾದುದು, ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು. ಗೋಡೆಯ ಕಲ್ಲಿನ ಮೇಲೆ ಹೆಸರು ಕೆತ್ತುವ ದುರಭ್ಯಾಸ ಬೇಡ. ಆ ಗೋಡೆಗಳನ್ನು ಕಟ್ಟಿದ ಒಡ್ಡರೂ ಕಲ್ಲುಕುಟಿಗರೂ ತಮ್ಮ ಹೆಸರನ್ನು ನಮಗೆ ಉಳಿಸಿಹೋಗಲಿಲ್ಲ.