ಗೋಪುರ ಹೊತ್ತ ಸುಣ್ಣ

ವಿರೂಪಾಪುರಗಡ್ಡೆಯ ದಡದಲ್ಲಿ ನಿಂತರೆ ತುಂಗಭದ್ರೆಯ ಆಚೆ ವಿರೂಪಾಕ್ಷನ ಗೋಪುರ ಕಾಣುತ್ತೆ. 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ರೆಸಾರ್ಟ್‌ಗಳನ್ನು ಕೆಡವಿದ ಮೇಲೆ ಗಡ್ಡೆಯಲ್ಲಿ ಆ ಮೊದಲಿನ ಗದ್ದಲ ಇಲ್ಲ, ಕೂತು ನೋಡಬಹುದು. ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆ. ಹಂಪಿ ಅಂದ್ರೆ ಬರೀ ಗ್ರಾನೈಟ್ ಅಂತ ನಾನೂ ಬಹಳ ವರ್ಷ ಅಂದ್ಕೊಂಡಿದ್ದೆ. ಆದರೆ ಸುಮಾರು 50 ಮೀಟರ್ ಎತ್ತರದ ಆ ಗೋಪುರದಲ್ಲಿ ಬುಡ ಮಾತ್ರ ಕಲ್ಲು. ಮೇಲಿನದೆಲ್ಲ ಇಟ್ಟಿಗೆ ಮತ್ತು ಗಾರೆ.

ಗಾರೆ ಬಂದಿದ್ದು ಸುಣ್ಣದ ಕಲ್ಲಿನಿಂದ. ಹಳೇ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ನಮ್ಮ ಮನೆಗಳ ಶಹಾಬಾದ್ ಫರಸಿಯೂ ಅದೇ ಜಾತಿ; ಅದಕ್ಕೇ ಹಲಗೆ ಹಲಗೆಯಾಗಿ ಏಳುತ್ತೆ. ಈ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೋಗಿ, 100 ಕೆಜಿ ಶುದ್ಧ ಕಲ್ಲಿಗೆ 56 ಕೆಜಿ ಸುಣ್ಣ ಉಳಿಯುತ್ತೆ. ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತೆ. ಮರಳು ಬೆರೆಸಿ ಗೋಡೆಗೆ ಹಾಕಿದ ಮೇಲೆ ಗಾಳಿಯಿಂದ ಅದೇ ಅನಿಲ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತೆ, ಈ ಸಲ ಮೇಸ್ತ್ರಿಗೆ ಬೇಕಾದ ಆಕಾರದಲ್ಲಿ.

ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆಜಿ. ಅದನ್ನು ಅಷ್ಟು ಮೇಲಕ್ಕೆ ಏರಿಸೋದು, ಬುಡ ಅದನ್ನು ಹೊರೋದು, ಎರಡೂ ಕಷ್ಟ. ಬೊಂಬೆ ಮಾಡೋಕೂ ಗಾರೆಯೇ ಸಲೀಸು. ಉದಯಗಿರಿ ಗೆದ್ದ ಕೃಷ್ಣದೇವರಾಯ 1515ರಲ್ಲಿ ಬಾಲಕೃಷ್ಣನನ್ನು ಪ್ರತಿಷ್ಠಾಪಿಸಿದ ದೇವಸ್ಥಾನದ ಗೋಪುರ ನೋಡಿ: ಕುದುರೆ, ಸವಾರರು, ಡಾಲು ಹಿಡಿದ ಸೈನಿಕರು, ಎಲ್ಲ ಗಾರೆಯವರು. ಈಗ ಎಷ್ಟೋ ಜನಕ್ಕೆ ಕೈಯಿಲ್ಲ, ತಲೆಯಿಲ್ಲ. 1565ರ ನಂತರ ಅಲ್ಲಿ ಆರೈಕೆ ಮಾಡೋರು ಇರಲಿಲ್ಲ. ಮಳೆನೀರು ಸುಣ್ಣವನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತೆ, ಬಿರುಕಲ್ಲಿ ಗಿಡ ಬೇರು ಬಿಡುತ್ತೆ. ಪೂಜೆ ಮುಂದುವರಿದ ವಿರೂಪಾಕ್ಷನಿಗೆ ಮಾತ್ರ ಕಾಲಕಾಲಕ್ಕೆ ದುರಸ್ತಿ ಸಿಕ್ಕಿತು.

ಸಿಮೆಂಟ್ ಕೂಡ ಇದೇ ಕಲ್ಲು. ಜೇಡಿಮಣ್ಣು ಸೇರಿಸಿ ಸುಮಾರು 1450 ಡಿಗ್ರಿಯಲ್ಲಿ ಸುಡ್ತಾರೆ. ಗಟ್ಟಿ, ಬೇಗ ಬಿಗಿಯುತ್ತೆ. ಆದರೆ ಹಳೇ ಗೋಡೆಗೆ ಆಗಿಬರಲ್ಲ. ಊರಲ್ಲಿ ನಮ್ಮ ತಾತನ ಕಾಲದ ಮಣ್ಣು-ಸುಣ್ಣದ ಗೋಡೆಗೆ ನಾನೇ ಮುಂದೆ ನಿಂತು ಸಿಮೆಂಟ್ ಗಿಲಾವು ಮಾಡಿಸಿದೆ. ಎರಡು ಮಳೆಗಾಲಕ್ಕೆ, ಒಳಗಿನ ತೇವಕ್ಕೆ ದಾರಿಯಿಲ್ಲದೆ, ಅದು ಹಪ್ಪಳದ ಹಾಗೆ ಎದ್ದು ಬಂತು.

"ವರ್ಷಾ ವರ್ಷಾ ಸುಣ್ಣ ಬಳದ್ರ ಸಾಕಿತ್ತಲ್ಲೋ" ಅಂದಳು ಅವ್ವ.

ಸಿಮೆಂಟ್ ಕೆತ್ತಿಸಿ ತೆಗೆಸಿದೀನಿ. ಈಗ ಸುಣ್ಣ ಅರಳಿಸಿ ಗಾರೆ ಮಾಡೋಕೆ ಬರೋ ಮೇಸ್ತ್ರಿಯನ್ನ ಹುಡುಕ್ತಾ ಇದೀನಿ.